ಗಿಡ ಕೊಳ್ಳೋ ಮೊದಲು ತಾಯಿಮರ ಯಾವುದು ಅಂತ ಕೇಳಿ

(ಪಾಡ್‌ಕಾಸ್ಟ್ ಕಂತಿನ ಅಕ್ಷರರೂಪ)

ಇವತ್ತಿನ ವಿಷಯ ಹಣ್ಣಿನ ಗಿಡ. ಗುಂಡಿ ಎಷ್ಟು ತೋಡಬೇಕು, ಗೊಬ್ಬರ ಎಷ್ಟು ಹಾಕಬೇಕು ಅನ್ನೋದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇವೆ. ನಾನು ಮಾತಾಡೋಕೆ ಹೊರಟಿರೋದು ಅದಕ್ಕೂ ಒಂದು ಹೆಜ್ಜೆ ಹಿಂದಿನ ವಿಷಯ. ಗಿಡವನ್ನ ಯಾರ ಹತ್ತಿರ ತಗೋಬೇಕು? ತಗೊಳ್ಳುವಾಗ ಏನು ಕೇಳಬೇಕು?

ಒಂದು ಮೊಬೈಲ್ ತಗೊಂಡ್ರೆ ಅದು ಚೆನ್ನಾಗಿದೆಯೋ ಇಲ್ವೋ ಅಂತ ಒಂದು ವಾರದಲ್ಲಿ ಗೊತ್ತಾಗುತ್ತೆ. ಸರಿ ಇಲ್ಲ ಅಂದ್ರೆ ವಾಪಸ್ ಕೊಡಬಹುದು. ಹಣ್ಣಿನ ಗಿಡದಲ್ಲಿ ಹಾಗಿಲ್ಲ. ಬೀಜದಿಂದ ಎದ್ದ ಹಲಸಿನ ಗಿಡ ಫಲ ಕೊಡೋಕೆ ಸಾಮಾನ್ಯವಾಗಿ ಏಳೆಂಟು ವರ್ಷ ಬೇಕು. ಕಸಿ ಗಿಡ ಆದ್ರೂ ಮೂರ್ನಾಲ್ಕು ವರ್ಷ. ಅಷ್ಟು ದಿನ ನೀರು ಹಾಕಿ, ದನ ತಿನ್ನದ ಹಾಗೆ ಬೇಲಿ ಕಟ್ಟಿ, ಕೊನೆಗೆ ಬಿಟ್ಟ ಹಣ್ಣು ಬೇರೆಯದ್ದೇ ಆದ್ರೆ? ಗಿಡಕ್ಕೆ ಕೊಟ್ಟ ಇನ್ನೂರು ರೂಪಾಯಿ ಹೋದ್ರೆ ಹೋಗ್ಲಿ. ಐದು ವರ್ಷವನ್ನ ಯಾರು ವಾಪಸ್ ಕೊಡ್ತಾರೆ? ನಿಮ್ಮ ಅಪ್ಪ ಅಮ್ಮನಿಗೆ ಅರವತ್ತೈದು ದಾಟಿದ್ರೆ ಆ ಐದು ವರ್ಷದ ಬೆಲೆ ಏನು ಅಂತ ನೀವೇ ಲೆಕ್ಕ ಹಾಕಿ.

ಅದಕ್ಕೇ ನಾನು ಹೇಳೋದು ಇಷ್ಟೇ. ಗಿಡದ ಹೆಸರು ಕೇಳಿ ತಗೋಬೇಡಿ, ಅದರ ತಾಯಿಮರ ಯಾವುದು ಅಂತ ಕೇಳಿ ತಗೊಳ್ಳಿ. ಆ ಪ್ರಶ್ನೆಗೆ ಉತ್ತರ ಸಿಗೋದು ಹೆಚ್ಚಾಗಿ ಹಿತ್ತಲಲ್ಲಿ ಗಿಡ ಮಾಡೋರ ಹತ್ತಿರ.

ಮೊದಲು ಸ್ವಲ್ಪ ವಿಜ್ಞಾನ. ಭಯ ಬೇಡ, ಎರಡೇ ನಿಮಿಷ.

ತುಂಬಾ ರುಚಿಯಾದ ಹಲಸಿನ ಹಣ್ಣು ತಿಂದು, ಅದರ ಬೀಜ ನೆಟ್ರೆ ಅದೇ ಹಣ್ಣು ಬರುತ್ತೆ ಅನ್ನೋದು ನಮ್ಮೆಲ್ಲರ ನಂಬಿಕೆ. ಬರೋದಿಲ್ಲ. ಹಲಸಿನ ಮರದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ ಇರ್ತವೆ. ಪರಾಗ ಪಕ್ಕದ ಮನೆ ಮರದಿಂದಲೂ ಬಂದಿರಬಹುದು. ಹಾಗಾಗಿ ಪ್ರತಿ ಬೀಜವೂ ಒಂದು ಹೊಸ ಮಗು ಇದ್ದ ಹಾಗೆ. ತಾಯಿಯ ಹೋಲಿಕೆ ಇರಬಹುದು, ತಾಯಿಯೇ ಆಗಿರೋದಿಲ್ಲ. ಬಕ್ಕೆ ಹಲಸಿನ ಬೀಜ ಹಾಕಿದ ಜಾಗದಲ್ಲಿ ಅಂಬಲಿ ಹಲಸು ಬಂದಿರೋದು ಮಲೆನಾಡಲ್ಲಿ ಮನೆಮನೆ ಕತೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಬಕ್ಕೆ ಅಂದ್ರೆ ತೊಳೆ ಗಟ್ಟಿ ಇರೋದು. ಅಂಬಲಿ ಅಂದ್ರೆ ಬಾಯಿಗೆ ಹಾಕಿದ್ರೆ ಜಾರೋದು, ಕೆಲವು ಕಡೆ ಬಿಳುವ ಅಂತಾರೆ.

ಮುರುಗಲಿನ ಕತೆ ಇನ್ನೂ ಮಜಾ ಇದೆ. ಕರಾವಳಿಯವರು ಪುನರ್ಪುಳಿ ಅಂತಾರಲ್ಲ, ಶರಬತ್ತು ಮಾಡ್ತಾರಲ್ಲ, ಅದೇ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ನೆಟ್ರೆ ಸುಮಾರು ಅರ್ಧದಷ್ಟು ಗಂಡಾಗಿಬಿಡ್ತವೆ. ಹೂವು ಬಿಡೋವರೆಗೂ ಯಾವುದು ಯಾವುದು ಅಂತ ಗೊತ್ತಾಗೋದಿಲ್ಲ. ಜಾಯಿಕಾಯಿಯೂ ಹಾಗೇ. ವರ್ಷಗಟ್ಟಲೆ ಸಾಕಿದ ಮೇಲೆ ಗಂಡು ಅಂತ ಗೊತ್ತಾದ್ರೆ ಮಾಡೋದೇನು?

ಇದಕ್ಕೆ ಪರಿಹಾರ ಕಸಿ. ಒಳ್ಳೆ ಹಣ್ಣು ಬಿಡೋ ಮರದ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ಬುಡ ಚೂಪು ಮಾಡಿ, ಬೀಜದಿಂದ ಎದ್ದ ಎಳೆ ಗಿಡದ ತಲೆ ಸೀಳಿ ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಮೇಲೆ ಐಸ್ ಕ್ಯಾಂಡಿ ಕವರ್ ಇರುತ್ತಲ್ಲ, ಅದನ್ನೇ ಟೋಪಿ ತರ ಹಾಕ್ತಾರೆ, ಕಡ್ಡಿ ಒಣಗದೇ ಇರಲಿ ಅಂತ. ಎರಡೂ ಬೆಸೆದುಕೊಂಡು ಚಿಗುರಿದ್ರೆ ಅದು ಕಸಿ ಗಿಡ. ಬೇರು ಯಾವುದೋ ಬೀಜದ್ದು, ಮೇಲಿನ ಮರ ನೂರಕ್ಕೆ ನೂರು ತಾಯಿಮರದ್ದೇ. ಕಸಿ ಗಿಡ ತಗೊಳ್ಳೋದು ಅಂದ್ರೆ ಯಾರದ್ದೋ ಹಿತ್ತಲಲ್ಲಿ ಈಗಾಗಲೇ ನಿಂತಿರೋ ಒಂದು ಮರದ ತುಂಡನ್ನ ತಗೊಂಡ ಹಾಗೆ. ಆ ಮರ ಯಾವುದು ಅಂತ ಗೊತ್ತಿಲ್ಲ ಅಂದ್ರೆ ನೀವು ಏನು ತಗೊಂಡ್ರಿ?

ಇದಕ್ಕೆ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯದ್ದು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಪರಮೇಶ ಅವರ ಜಮೀನಲ್ಲಿ ಒಂದು ಹಲಸಿನ ಮರ ಇತ್ತು. ತೊಳೆ ತಾಮ್ರಗೆಂಪು. ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕೆಜಿ, ಒಂದು ಮನೆಯವರು ಒಂದೇ ಸಲಕ್ಕೆ ತಿಂದು ಮುಗಿಸೋಷ್ಟು. ಮರ ನೆಟ್ಟ ಅವರ ತಂದೆ ಸಿದ್ದಪ್ಪನವರ ಹೆಸರಲ್ಲಿ ಅದಕ್ಕೆ ‘ಸಿದ್ದು ಹಲಸು’ ಅಂತ ಹೆಸರಾಯ್ತು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಅವರ ಜೊತೆ ಒಪ್ಪಂದ ಮಾಡ್ಕೊಂಡು ಅದರ ಕಸಿ ಗಿಡ ಮಾಡೋಕೆ ಶುರು ಮಾಡಿದ್ರು. ಇಷ್ಟಕ್ಕೂ ಮೂಲ ಯಾವುದು? ಒಂದೇ ಒಂದು ಮರ. ಹಾಗಾಗಿ ದಾರಿಬದಿಯಲ್ಲಿ ಯಾರಾದ್ರೂ ‘ಸಿದ್ದು ಹಲಸು’ ಅಂತ ಗಿಡ ಮಾರ್ತಿದ್ರೆ, ಕಡ್ಡಿ ಎಲ್ಲಿಂದ ಬಂತು ಅಂತ ಕೇಳೋ ಹಕ್ಕು ನಿಮಗಿದೆ.

ಈಗ ಇದರ ಉಲ್ಟಾ ಉದಾಹರಣೆ ನೋಡಿ. ಮಿಯಾಜಾಕಿ ಮಾವು. ರೀಲ್ಸಲ್ಲಿ ನೋಡಿರ್ತೀರ, ಕೆಜಿಗೆ ಲಕ್ಷಗಟ್ಟಲೆ ಅಂತ. ಅದರ ಗಿಡ ಅಂತ ಹೇಳಿ ಆನ್‌ಲೈನಲ್ಲಿ ಮಾರ್ತಾರೆ. ಆದ್ರೆ ಮಿಯಾಜಾಕಿ ಅನ್ನೋದು ಜಪಾನಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿ ಬೆಳೆಯೋ ತಳಿ ಇರ್ವಿನ್, ಅದರ ತವರು ಅಮೆರಿಕದ ಫ್ಲಾರಿಡಾ. ಅಲ್ಲಿಯವರು ಹಸಿರುಮನೆಯೊಳಗೆ ಬೆಳೆದು, ಹಣ್ಣಿಗೆ ಬಲೆ ಕಟ್ಟಿ, ಮಾಗಿ ತಾನಾಗಿ ಬಿದ್ದಿದ್ದನ್ನ ಆ ಬಲೆಯಲ್ಲಿ ಹಿಡೀತಾರೆ. ಅದರಲ್ಲೂ 350 ಗ್ರಾಂಗಿಂತ ಹೆಚ್ಚು ತೂಗೋ, ಸಿಹಿಯ ಅಳತೆ 15 ಬ್ರಿಕ್ಸ್‌ಗಿಂತ ಮೇಲಿರೋ ಹಣ್ಣಿಗೆ ಮಾತ್ರ ‘ಸೂರ್ಯನ ಮೊಟ್ಟೆ’ ಅನ್ನೋ ಅರ್ಥದ ಮುದ್ರೆ ಬೀಳುತ್ತೆ. ಆ ಬೆಲೆ ಆ ಕೆಲಸಕ್ಕೆ ಸಿಗೋದು. ಇಲ್ಲಿ ಗಿಡ ತಗೊಂಡು ನೆಟ್ಟವರಿಗೆ ಲಕ್ಷ ಸಿಗೋದಿಲ್ಲ. ಬಂದ ಗಿಡ ನಿಜವಾಗ್ಲೂ ಇರ್ವಿನ್ನಾ ಅನ್ನೋದೂ ಹಣ್ಣು ಬಿಡೋವರೆಗೆ ಗೊತ್ತಾಗೋದಿಲ್ಲ.

ಸರಿ, ಈಗ ಒಬ್ಬರ ಹಿತ್ತಲಿಗೆ ಕರ್ಕೊಂಡು ಹೋಗ್ತೀನಿ. ಸಾಗರದ ಹತ್ತಿರದ ಒಂದು ಹಳ್ಳಿ. ಅಲ್ಲೊಬ್ಬರು ಅಕ್ಕ ಇದ್ದಾರೆ. ಅವರ ಹೆಸರು ಹೇಳೋದಿಲ್ಲ, ಯಾಕಂದ್ರೆ ಅವರೇ ಬೇಡ ಅಂದಿದ್ದಾರೆ. ‘ನಂಬರ್ ಎಲ್ಲ ಹಾಕಬೇಡ ಮಾರಾಯ. ವರ್ಷಕ್ಕೆ ಇರೋದೇ ನೂರು ಗಿಡ. ಫೋನ್ ಎತ್ತೋದೇ ಕೆಲಸ ಆಗ್ತದೆ’ ಅಂದ್ರು.

ಅವರ ನರ್ಸರಿ ಅಂದ್ರೆ ಕೊಟ್ಟಿಗೆ ಪಕ್ಕ ಅಡಿಕೆ ಸೋಗೆ ಹೊದಿಸಿದ ಒಂದು ಚಪ್ಪರ. ಕೆಳಗೆ ಸಾಲಾಗಿ ಪ್ಲಾಸ್ಟಿಕ್ ಚೀಲ, ನಮ್ಮ ಕಡೆ ಕೊಟ್ಟೆ ಅಂತೀವಿ. ಬೋರ್ಡ್ ಇಲ್ಲ, ಬಣ್ಣದ ಫೋಟೋ ಇರೋ ಟ್ಯಾಗ್ ಇಲ್ಲ. ಇರೋದು ಒಂದು ಹಳೇ ಡೈರಿ. ಅದರಲ್ಲಿ ಪ್ರತಿ ಮರಕ್ಕೂ ಅವರೇ ಇಟ್ಟ ಹೆಸರು. ‘ಕೆರೆ ದಂಡೆ ಬಕ್ಕೆ’, ‘ಮೇಲಿನ ಮನೆ ಜೀರಿಗೆ ಮಿಡಿ’, ‘ದೇವಸ್ಥಾನದ ಹಿಂದಿನ ಮುರುಗಲು, ಹೆಣ್ಣು’. ಮರದ ಯಜಮಾನರು ಯಾರು, ಯಾವ ತಿಂಗಳು ಹಣ್ಣು, ಹಪ್ಪಳಕ್ಕೆ ಆಗುತ್ತಾ, ಒಂದು ವರ್ಷ ಬಿಟ್ಟು ಒಂದು ವರ್ಷ ಬಿಡುತ್ತಾ, ಎಲ್ಲ ಬರೆದಿಟ್ಟಿದ್ದಾರೆ.

ನಾನು ಮೊದಲ ಸಲ ಹೋಗಿದ್ದು ಒಬ್ಬ ಗೆಳೆಯನ ಜೊತೆ. ಅವನಿಗೆ ಬೆಂಗಳೂರಲ್ಲಿ 30–40 ಸೈಟ್. ಮನೆ ಕಟ್ಟಿ ಉಳಿದ ಮೂಲೆಯಲ್ಲಿ ಹಲಸು ಹಾಕೋ ಆಸೆ. ದುಡ್ಡು ಕೈಯಲ್ಲೇ ಹಿಡ್ಕೊಂಡಿದ್ದ. ಅಕ್ಕ ಗಿಡ ತೋರಿಸೋ ಬದಲು ಪ್ರಶ್ನೆ ಶುರು ಮಾಡಿದ್ರು.

‘ಗೋಡೆಯಿಂದ ಎಷ್ಟು ದೂರ ಬಿಟ್ಟೀಯ?’

‘ನಾಲ್ಕಡಿ ಅಕ್ಕ.’

‘ಬಿಸಿಲು ಎಷ್ಟು ಹೊತ್ತು ಬೀಳ್ತದೆ?’

‘ಬೆಳಗ್ಗೆ ಒಂದು ಗಂಟೆ ಇರಬಹುದು.’

‘ನೀರಿನ ಟ್ಯಾಂಕ್ ಎಲ್ಲಿ?’

ಅವನು ಸುಮ್ಮನಾದ. ಟ್ಯಾಂಕ್ ಅಲ್ಲೇ ಕೆಳಗೆ ಇತ್ತು.

‘ತಮ್ಮಾ, ಹಲಸಿನ ಮರಕ್ಕೆ ಇಪ್ಪತ್ತೈದು ಮೂವತ್ತಡಿ ಜಾಗ ಬೇಕು. ನಿನಗೆ ಕೊಟ್ರೆ ನನಗೆ ಇನ್ನೂರು ರೂಪಾಯಿ ಸಿಕ್ತು, ಹತ್ತು ವರ್ಷಕ್ಕೆ ನೀನೇ ಕಡೀತೀಯ. ನಿಂಬೆ ತಗೊಂಡು ಹೋಗಿ ತಾರಸಿ ಮೇಲೆ ದೊಡ್ಡ ಡ್ರಮ್ಮಲ್ಲಿ ಹಾಕು. ಬಿಸಿಲು ಅಲ್ಲಿದೆಯಲ್ಲ’ ಅಂದ್ರು.

ಅವನು ನಿಂಬೆ ತಗೊಂಡ. ಗಮನಿಸಿ, ಅವರು ವ್ಯಾಪಾರ ಬಿಟ್ಟುಕೊಟ್ರು. ಒಳ್ಳೆ ಗಿಡ ಮಾರೋರ ಮೊದಲ ಗುರುತು ಇದೇ. ನಿಮ್ಮ ಜಾಗದ ಬಗ್ಗೆ ಕೇಳದೇ ಗಿಡ ಕೊಟ್ಟುಬಿಡೋರು ಗಿಡ ಖಾಲಿ ಮಾಡ್ತಿದ್ದಾರೆ ಅಂತ ಅರ್ಥ.

ಈಗ ಗಿಡ ನೋಡೋದು ಹೇಗೆ? ಅಕ್ಕ ನನಗೆ ತೋರಿಸಿಕೊಟ್ಟಿದ್ದನ್ನ ಹೇಳ್ತೀನಿ. ಫೋನಲ್ಲಿ ನೋಟ್ಸ್ ಮಾಡ್ಕೊಳ್ಳಿ ಬೇಕಿದ್ರೆ.

ಒಂದು, ಕಸಿ ಕಟ್ಟಿದ ಜಾಗ ಹುಡುಕಿ. ಬುಡದಿಂದ ಒಂದು ಗೇಣು ಮೇಲೆ ಗಂಟಿನ ಹಾಗೆ, ಅಥವಾ ತೊಗಟೆಯ ಬಣ್ಣ ಬದಲಾದ ಹಾಗೆ ಕಾಣುತ್ತೆ. ಅದು ಇಲ್ಲ ಅಂದ್ರೆ ಕಸಿ ಹೌದಾ ಅಂತ ಬಾಯಿಬಿಟ್ಟು ಕೇಳಿ. ಸೀಬೆ, ನಿಂಬೆ, ದಾಳಿಂಬೆಯನ್ನ ಗೂಟಿ ಕಟ್ಟಿ ಮಾಡಿದ್ರೆ ಗಂಟು ಇರೋದಿಲ್ಲ. ಅದೂ ತಾಯಿಮರದ ಕೊಂಬೆಯೇ, ಚಿಂತೆ ಇಲ್ಲ.

ಎರಡು, ಗಂಟಿನ ಕೆಳಗೆ ಚಿಗುರು ಬಂದಿದೆಯಾ ನೋಡಿ. ಅದು ಬುಡದ ಬೀಜದ ಗಿಡದ ಚಿಗುರು. ಬಿಟ್ರೆ ಅದೇ ಬೆಳೆದು ಮೇಲಿನ ಒಳ್ಳೆ ಕಡ್ಡಿಯನ್ನ ಸಾಯಿಸುತ್ತೆ. ಮನೆಗೆ ತಂದ ಮೇಲೂ ಮೊದಲ ಎರಡು ವರ್ಷ ಕೆಳಗಿನ ಚಿಗುರು ಮುರೀತಾ ಇರಬೇಕು. ‘ಕಸಿ ಗಿಡ ಹಾಕಿದ್ದೆ, ಕಾಡು ಹಣ್ಣು ಬಂತು’ ಅನ್ನೋರಲ್ಲಿ ಎಷ್ಟೋ ಜನರ ಕತೆ ಹೀಗೇ ಆಗಿರುತ್ತೆ.

ಮೂರು, ಪ್ಲಾಸ್ಟಿಕ್ ಪಟ್ಟಿ ಬಿಚ್ಚಿದ್ದಾರಾ ನೋಡಿ. ಬಿಚ್ಚದೇ ಇದ್ರೆ ಕಾಂಡ ದಪ್ಪ ಆದ ಹಾಗೆ ಅದು ಕತ್ತು ಹಿಸುಕುತ್ತೆ. ಜೋರು ಗಾಳಿ ಬಂದ ದಿನ ಗಿಡ ಅಲ್ಲೇ ಮುರಿಯುತ್ತೆ.

ನಾಲ್ಕು, ದೊಡ್ಡ ಗಿಡಕ್ಕೆ ಮರುಳಾಗಬೇಡಿ. ಚಿಕ್ಕ ಚೀಲದಲ್ಲಿ ಎರಡು ಮೂರು ವರ್ಷ ಕೂತ ಗಿಡದ ಬೇರು ಒಳಗೇ ಸುತ್ತು ಹೊಡೆದಿರುತ್ತೆ. ನೆಲಕ್ಕೆ ಹಾಕಿದ್ರೂ ಆ ಸುತ್ತು ಬಿಡೋದು ಕಷ್ಟ. ಹಾಗೇನೇ, ಮೊಣಕಾಲೆತ್ತರದ ಗಿಡದಲ್ಲಿ ಎರಡು ಕಾಯಿ ನೇತಾಡ್ತಿದ್ರೆ ಫೋಟೋ ತೆಗೆಯೋಕೆ ಚಂದ. ಗಿಡಕ್ಕೆ ಮಾತ್ರ ಅದು ಭಾರ. ಎಲೆ ಆರೋಗ್ಯವಾಗಿರೋ ಒಂದು ವರ್ಷದೊಳಗಿನ ಗಿಡ ಸಾಕು.

ಐದು, ಇದು ಹೆಚ್ಚಿನವರು ಕೇಳದೇ ಇರೋದು. ಮುರುಗಲು, ಜಾಯಿಕಾಯಿ ತಗೊಳ್ಳುವಾಗ ಕಡ್ಡಿಯನ್ನ ನೆಟ್ಟಗೆ ಬೆಳೆಯೋ ಚಿಗುರಿಂದ ತೆಗೆದಿದ್ದಾರಾ, ಅಡ್ಡ ಕೊಂಬೆಯಿಂದ ತೆಗೆದಿದ್ದಾರಾ ಅಂತ ಕೇಳಿ. ಅಡ್ಡ ಕೊಂಬೆಯ ಕಡ್ಡಿ ಕಟ್ಟಿದ ಗಿಡ ಮರದ ಹಾಗೆ ಏಳೋದಿಲ್ಲ, ಪೊದೆಯ ಹಾಗೆ ಅಡ್ಡಡ್ಡ ಹರಡುತ್ತೆ. ಅದರಲ್ಲೂ ಹಣ್ಣು ಬರುತ್ತೆ, ಜಾಗ ಮಾತ್ರ ಜಾಸ್ತಿ ಬೇಕು.

ಹಾಗಂತ ಬೀಜದ ಗಿಡ ಅಂದ್ರೆ ಮೂಗು ಮುರಿಯೋದೂ ಬೇಡ. ಮ್ಯಾಂಗೊಸ್ಟೀನ್ ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರುತ್ತೆ. ಪಶ್ಚಿಮ ಕರಾವಳಿಯ ಕೆಲವು ಮಾವಿನ ಒಂದೇ ಓಟೆಯಿಂದ ಮೂರ್ನಾಲ್ಕು ಸಸಿ ಏಳ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ನಕಲೇ. ಯಾವುದಕ್ಕೆ ಕಸಿ ಬೇಕು, ಯಾವುದಕ್ಕೆ ಬೇಡ ಅಂತ ತಿಳಿದಿರೋದೇ ಅನುಭವ.

ಇನ್ನೊಂದು ಮಗ್ಗುಲೂ ಹೇಳಬೇಕು. ಹಿತ್ತಲಿನವರ ಹತ್ತಿರ ಎಲ್ಲವನ್ನೂ ತಗೋಬೇಕು ಅಂತ ನಾನು ಹೇಳ್ತಿಲ್ಲ. ಕಿತ್ತಳೆ, ಮೋಸಂಬಿ ಜಾತಿಯ ಗಿಡಗಳಿಗೆ ಕಣ್ಣಿಗೆ ಕಾಣದ ರೋಗಗಳು ಕಡ್ಡಿಯ ಜೊತೆಗೇ ಬರ್ತವೆ. ಅಕ್ಕನ ಹತ್ತಿರ ಲ್ಯಾಬ್ ಇಲ್ಲ. ತೋಟಕ್ಕೆ ಇನ್ನೂರು ಮುನ್ನೂರು ಗಿಡ ಬೇಕು ಅಂದ್ರೆ ಸಂಶೋಧನಾ ಸಂಸ್ಥೆ, ತೋಟಗಾರಿಕೆ ಇಲಾಖೆ ಅಥವಾ ಮಾನ್ಯತೆ ಇರೋ ನರ್ಸರಿಗೆ ಹೋಗಿ. ಸಬ್ಸಿಡಿಗೆ, ಸಾಲಕ್ಕೆ ಬಿಲ್ ಬೇಕಾದ್ರೂ ಅಷ್ಟೇ, ಅಕ್ಕ ಬಿಲ್ ಕೊಡೋದಿಲ್ಲ. ಮನೆ ಹಿತ್ತಲಿಗೆ ನಾಲ್ಕು ಗಿಡ, ಅದೂ ನಮ್ಮ ನೆಲ, ನಮ್ಮ ಮಳೆ ಕಂಡಿರೋ ಗಿಡ ಬೇಕು ಅಂದ್ರೆ ಇಂಥವರಿಗಿಂತ ಒಳ್ಳೆ ಜಾಗ ಇಲ್ಲ. ಯಾಕಂದ್ರೆ ತಾಯಿಮರ ಅಲ್ಲೇ ಹತ್ತು ಮೈಲಿಯೊಳಗೆ ಅದೇ ಮಳೆ ತಿಂದು ಬದುಕಿದೆ. ಬೇಕಿದ್ರೆ ಹೋಗಿ ನೋಡಬಹುದು. ಸೀಸನ್‌ನಲ್ಲಿ ಹೋದ್ರೆ ಹಣ್ಣು ತಿಂದೇ ತೀರ್ಮಾನ ಮಾಡಬಹುದು. ಗಿಡದ ಟ್ರಯಲ್ ವರ್ಷನ್ ಅಂದ್ರೆ ಅದೇ.

ಇಲ್ಲಿವರೆಗೆ ಹೇಳಿದ್ದು ಕೊಳ್ಳೋರ ಲಾಭ. ಇನ್ನೊಂದು ವಿಷಯ ಇದೆ, ಅದು ನನಗೆ ಸ್ವಂತದ್ದು.

ನಮ್ಮ ಅಜ್ಜನ ಮನೆ ಎದುರು ರಸ್ತೆ ಪಕ್ಕ ಒಂದು ಬಕ್ಕೆ ಹಲಸಿನ ಮರ ಇತ್ತು. ನಮ್ಮ ಅಮ್ಮ ಚಿಕ್ಕವಳಿದ್ದಾಗಲೇ ಅದು ದೊಡ್ಡ ಮರ. ಅಜ್ಜಿ ಅದರ ಕಾಯಿ ಬಿಟ್ಟು ಬೇರೆ ಕಾಯಿಯಲ್ಲಿ ಹಪ್ಪಳ ಮಾಡಿದ್ದಿಲ್ಲ. ರಸ್ತೆ ಅಗಲ ಮಾಡೋ ಕೆಲಸ ಬಂತು. ಒಂದು ದಿನ ಯಾರೋ ಬಂದು ಮರದ ತೊಗಟೆ ಕೆತ್ತಿ ನಂಬರ್ ಬರೆದು ಹೋದ್ರು. ಅಜ್ಜಿ ಫೋನ್ ಮಾಡಿ ಅಳಲಿಲ್ಲ, ಜಗಳ ಮಾಡಲಿಲ್ಲ. ‘ಮರಕ್ಕೆ ನಂಬರ್ ಹಾಕಿದಾರೆ’ ಅಂತಷ್ಟೇ ಹೇಳಿದ್ರು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಮರ ಇನ್ನೂ ನಿಂತಿದೆಯಾ?’ ಕಡಿದು ಬಿದ್ದ ಮೇಲೆ ಕಡ್ಡಿ ಹೆಚ್ಚು ದಿನ ತಡೆಯೋದಿಲ್ಲ. ಮರುದಿನ ಬೆಳಗ್ಗೆ ಹೋಗಿ, ಬಲಿತ ಆದ್ರೆ ಇನ್ನೂ ಚಿಗುರದ ತುದಿಗಳನ್ನ ಅವರೇ ಆರಿಸಿ, ಎಲೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ್ರು. ಒಟ್ಟು ಇಪ್ಪತ್ತು ಕಸಿ ಕಟ್ಟಿದ್ರು. ಬೇಸಿಗೆ, ಎಲ್ಲ ಉಳಿಯೋದಿಲ್ಲ ಅಂತ ಮೊದಲೇ ಹೇಳಿದ್ರು. ಒಂದೊಂದೇ ಕಡ್ಡಿ ಕಪ್ಪಾಗ್ತಾ ಹೋಯ್ತು. ಮಳೆ ಹಿಡಿಯೋ ಹೊತ್ತಿಗೆ ಹನ್ನೊಂದು ಚಿಗುರಿದ್ವು. ಅಷ್ಟರಲ್ಲಿ ಮರ ಹೋಗಿ ಆಗಿತ್ತು.

ಹನ್ನೊಂದರಲ್ಲಿ ಒಂಬತ್ತು ನಮಗೆ ಕೊಟ್ರು. ಅಮ್ಮ, ಮಾವಂದಿರು, ಚಿಕ್ಕಮ್ಮ ಎಲ್ಲ ಹಂಚ್ಕೊಂಡ್ವಿ. ಅಜ್ಜಿ ಮನೆ ಹಿಂದೆ ಒಂದು. ದುಡ್ಡು ಎಷ್ಟು ಅಂತ ಕೇಳಿದ್ರೆ, ‘ಎರಡು ಗಿಡ ನಾನು ಇಟ್ಕೊಳ್ತೇನೆ, ಅದೇ ದುಡ್ಡು’ ಅಂದ್ರು. ಡೈರಿಯಲ್ಲಿ ಹೊಸ ಸಾಲು ಬರೆದ್ರು. ನಮ್ಮ ಅಜ್ಜನ ಮನೆ ಹೆಸರು, ಬಕ್ಕೆ, ಹಪ್ಪಳಕ್ಕೆ ಒಳ್ಳೇದು. ಪಕ್ಕದಲ್ಲಿ, ಮರ ಈಗ ಇಲ್ಲ.

ಗಿಡಗಳು ಇನ್ನೂ ಫಲಕ್ಕೆ ಬಂದಿಲ್ಲ. ಅಜ್ಜಿಗೆ ಎಂಬತ್ತೆರಡು. ಅವರ ಕೈಯ ಹಪ್ಪಳಕ್ಕೆ ಆ ಕಾಯಿ ಸಿಗುತ್ತಾ ಅನ್ನೋದು ಗೊತ್ತಿಲ್ಲ. ಆದ್ರೆ ಮರ ಉಳೀತು.

ಇದನ್ನ ಹೇಳಿದ್ದು ಯಾಕಂದ್ರೆ ನಮ್ಮ ಹಳೇ ಮರಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ, ದಾಖಲೆ ಇಲ್ಲ, ಬೇರೆಲ್ಲೂ ನಕಲಿಲ್ಲ. ಅಪ್ಪೆಮಿಡಿಯದ್ದೂ ಇದೇ ಕತೆ. ಉಪ್ಪಿನಕಾಯಿಗೆ ಪ್ರಾಣ ಬಿಡೋ ನಾವು, ಅಘನಾಶಿನಿ, ಶರಾವತಿ ದಂಡೆಯ ದೊಡ್ಡ ಮರಗಳ ಕೊಂಬೆ ಕಡಿದು ಮಿಡಿ ಇಳಿಸೋದನ್ನ ನೋಡ್ತಾ ಕೂತಿದ್ವಿ. ಅವುಗಳ ಕಸಿ ಮಾಡಿ ಹಿತ್ತಲಿಗೆ ತಂದವರು ಹೆಚ್ಚಾಗಿ ಇಂಥ ಆಸಕ್ತರೇ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ. ಆದ್ರೆ ವಿಮಾನ ನಿಲ್ದಾಣ ಬಂದ ಮೇಲೆ ಜಮೀನಿನ ಬೆಲೆ ಏರಿ, ಅದು ಬೆಳೀತಿದ್ದ ತೋಟಗಳು ಸೈಟ್ ಆದ್ವು. ಸರ್ಟಿಫಿಕೇಟ್ ಇದ್ರೆ ಮರ ಉಳಿಯೋದಿಲ್ಲ. ಯಾರೋ ಕಸಿ ಕಟ್ಟಬೇಕು, ಇನ್ಯಾರೋ ತಗೊಂಡು ನೆಡಬೇಕು. ನೀವು ಕೊಡೋ ಇನ್ನೂರು ರೂಪಾಯಿ ಅಕ್ಕನಿಗೆ ಮುಂದಿನ ವರ್ಷವೂ ಕಸಿ ಕಟ್ಟೋ ಕಾರಣ.

ಇಂಥವರನ್ನ ಹುಡುಕೋದು ಹೇಗೆ? ಗೂಗಲ್ ಮ್ಯಾಪಲ್ಲಿ ಸಿಗೋದಿಲ್ಲ. ಹಲಸಿನ ಮೇಳ, ಸಸ್ಯಮೇಳಕ್ಕೆ ಹೋಗಿ, ದೊಡ್ಡ ಸ್ಟಾಲ್ ಬಿಟ್ಟು ಮೂಲೆಯಲ್ಲಿ ಹತ್ತು ಗಿಡ ಇಟ್ಕೊಂಡು ಕೂತವರನ್ನ ಮಾತಾಡಿಸಿ. ಸಂತೆಯಲ್ಲಿ ಒಳ್ಳೆ ಹಣ್ಣು ತಿಂದ್ರೆ ‘ಇದು ಯಾರ ಮನೆ ಮರ?’ ಅಂತ ಮಾರೋರನ್ನ ಕೇಳಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಸಿ ಮಾಡೋ ರೈತರು ಯಾರು ಅಂತ ವಿಚಾರಿಸಿ. ಪುತ್ತೂರಿನಿಂದ ಬರೋ ‘ಅಡಿಕೆ ಪತ್ರಿಕೆ’ ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದಿದೆ, ಅದನ್ನ ತಿರುವಿ ಹಾಕಿ. ಊರಲ್ಲಿ ನಿಮ್ಮ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳಿದ್ರೂ ಸಾಕು, ಯಾರ ಹಿತ್ತಲಲ್ಲಿ ಏನಿದೆ ಅನ್ನೋದು ಅವರಿಗೆ ಬಾಯಿಪಾಠ.

ಹೋದಾಗ ಮೂರು ಮಾತು ಮರೀಬೇಡಿ. ಚೌಕಾಸಿ ಜಾಸ್ತಿ ಬೇಡ. ನಿಮ್ಮ ಜಾಗದ ಒಂದು ವಿಡಿಯೋ ಫೋನಲ್ಲಿ ತಗೊಂಡು ಹೋಗಿ, ಬಿಸಿಲು ಎಲ್ಲಿ ಬೀಳುತ್ತೆ ಅಂತ ಕಾಣೋ ಹಾಗೆ. ಗಿಡ ತಂದ ಮೇಲೆ ಅದರ ತಾಯಿಮರದ ಹೆಸರು, ಊರು, ನೆಟ್ಟ ದಿನಾಂಕ ಬರೆದಿಡಿ. ನಾಳೆ ನಿಮ್ಮ ಗಿಡವೂ ಯಾರಿಗೋ ತಾಯಿಮರ ಆಗುತ್ತೆ.

ಕೊನೆಗೆ ಈ ವಾರದ ಕೆಲಸ. ಊರಿಗೆ ಫೋನ್ ಮಾಡಿ, ನಿಮ್ಮ ಮನೆಯವರು ‘ಇದರಷ್ಟು ಒಳ್ಳೇದು ಬೇರೆ ಇಲ್ಲ’ ಅನ್ನೋ ಒಂದು ಮರ ಯಾವುದು ಅಂತ ಕೇಳಿ. ಅದು ಇನ್ನೂ ನಿಂತಿದೆಯಾ ಅಂತಲೂ ಕೇಳಿ. ನಿಂತಿದ್ರೆ, ಕಸಿ ಗೊತ್ತಿರೋರನ್ನ ಈ ಮಳೆಗಾಲದೊಳಗೆ ಹುಡುಕಿ.